ಮೂರು ಜೊತೆ ಕೊಂಬು

ಶಿಕಾರಿಪುರದ ಸೋದರತ್ತೆಯ ಮನೆಗೆ ಹೋದಾಗಲೆಲ್ಲ ತಾಳಗುಂದಕ್ಕೊಂದು ಸುತ್ತು ಇದ್ದೇ ಇರುತ್ತದೆ. ಪ್ರಣವೇಶ್ವರ ದೇವಸ್ಥಾನದೆದುರಿನ ಕಂಬಶಾಸನ ನೋಡುವುದು, ಮಕ್ಕಳಿಗೆ ಮಯೂರಶರ್ಮನ ಕಥೆ ಹೇಳುವುದು, ಫೋಟೊ ತೆಗೆದು ವಾಪಸಾಗುವುದು. ಕಳೆದ ಸಲ ಮಾತ್ರ ದಾರಿಬದಿಯ ಎಕ್ಕದ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಎಲೆಯ ಮೇಲೆ ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳ. ನ್ಯೂಜೆರ್ಸಿಯ ನಮ್ಮ ಹಿತ್ತಿಲಿನ ಮಿಲ್ಕ್‌ವೀಡ್ ಗಿಡದಲ್ಲಿ ಬೇಸಿಗೆಯಲ್ಲಿ ಕಾಣುವ ಮೊನಾರ್ಕ್ ಚಿಟ್ಟೆಯ ಹುಳವೇ ನಮಗಿಂತ ಮೊದಲು ಬಂದು ಕೂತಂತಿತ್ತು.

"ಏಳೋ, ಎಕ್ಕದ ಹಾಲು ಕಣ್ಣಿಗೆ ಬಿದ್ದೀತು," ಎಂದರು ಅತ್ತೆ. ನಾನು ಕೊಂಬು ಎಣಿಸುತ್ತಿದ್ದೆ.

ಮೊನಾರ್ಕ್ ಹುಳಕ್ಕೆ ಎರಡು ಜೊತೆ ಮೆತ್ತನೆಯ ಕೊಂಬು: ತಲೆಯ ಹತ್ತಿರ ಒಂದು, ಬಾಲದ ಹತ್ತಿರ ಒಂದು. ಇದಕ್ಕೆ ನಡುಬೆನ್ನಿನ ಮೇಲೆ ಇನ್ನೊಂದು ಜೊತೆ. ಇದು ಪ್ಲೇನ್ ಟೈಗರ್. ಎರಡೂ ಡನಾಸ್ ಎಂಬ ಒಂದೇ ಕುಲದ ಚಿಟ್ಟೆಗಳು; ಎಕ್ಕ, ಮಿಲ್ಕ್‌ವೀಡ್ ಕೂಡ ಒಂದೇ ಸಸ್ಯಕುಟುಂಬದವು. ಹುಳ ಗಿಡದ ವಿಷವನ್ನೇ ಮೈಗೂಡಿಸಿಕೊಳ್ಳುತ್ತದೆ, ಅದನ್ನು ತಿಂದ ಹಕ್ಕಿ ಎರಡನೇ ಸಲ ಬಾಯಿ ಹಾಕುವುದಿಲ್ಲ.

ನಾನು ಲೆಕ್ಕಪತ್ರದವನು. ಜೀವಶಾಸ್ತ್ರ ಪಿಯುಸಿಗೇ ಮುಗಿದಿತ್ತು. ಮಗಳ ಶಾಲೆಯಲ್ಲಿ ಕೊಟ್ಟ ಒಂದು ಮಿಲ್ಕ್‌ವೀಡ್ ಸಸಿಯಿಂದ ಈ ಚಾಳಿ ಅಂಟಿಕೊಂಡಿತು. ಒಂದು ನೋಟ್‌ಬುಕ್ಕಿದೆ, ಅದರಲ್ಲಿ ತಪ್ಪುಗಳೇ ಹೆಚ್ಚು. ಅದೇ ಸಂಜೆ ಅತ್ತೆಯ ಅಂಗಳದಲ್ಲಿ ಬರೆದದ್ದು: "ಪ್ಲೇನ್ ಟೈಗರ್, ಗೋಣಿಸೊಪ್ಪಿನ ಮೇಲೆ ಮೊಟ್ಟೆ." ಎಕ್ಕ ಬಿಟ್ಟು ಗೋಣಿಸೊಪ್ಪಿಗೇಕೆ ಬಂತು? ಪೆದ್ದು ಚಿಟ್ಟೆ ಎಂದುಕೊಂಡೆ. ರಾತ್ರಿ ಫೋಟೊ ಹಿಗ್ಗಿಸಿದಾಗ ಪೆದ್ದ ಯಾರೆಂದು ಗೊತ್ತಾಯಿತು. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆ ಇರಬೇಕು. ಇದಕ್ಕೆ ಒಂದೇ. ಡನೈಡ್ ಎಗ್‌ಫ್ಲೈ ಎಂಬ ಬೇರೆ ಚಿಟ್ಟೆಯ ಹೆಣ್ಣು ಅದು. ತನ್ನಲ್ಲಿ ವಿಷವಿಲ್ಲ, ವಿಷವಿರುವವಳ ಸೀರೆ ಉಟ್ಟು ಹಕ್ಕಿಗಳನ್ನು ನಂಬಿಸುತ್ತದೆ. ಗಂಡಿಗೆ ಈ ವೇಷವಿಲ್ಲ. ಅದು ಕಪ್ಪು ರೆಕ್ಕೆಯ ಮೇಲೆ ಬಿಳಿ ಬೊಟ್ಟಿಟ್ಟುಕೊಂಡು ಹಾರುತ್ತದೆ. ರೆಕ್ಕೆ ನೋಡಿ ಮೋಸಹೋದವನಿಗೆ ಸುಳಿವು ಕೊಟ್ಟದ್ದು ಅತ್ತೆ ಸಾರಿಗೆ ಹಾಕುವ ಸೊಪ್ಪು.

ತೇಜಸ್ವಿ ಓದಿದ್ದು ಕನ್ನಡ ಸಾಹಿತ್ಯ. ಹಕ್ಕಿ, ಹುಳ, ಮೀನುಗಳ ಪಾಠವೆಲ್ಲ ಮೂಡಿಗೆರೆಯ ಕಾಫಿ ತೋಟದಲ್ಲಿ ಆದದ್ದು. ಅವರನ್ನು ಓದುವಾಗ ನಗುತ್ತಿದ್ದೆ. ಕೆಸರಲ್ಲಿ ಮೊಣಕಾಲೂರಿದ ಮೇಲೆ ಆ ತಾಳ್ಮೆಯ ಬೆಲೆ ತಿಳಿಯಿತು.

ಶಾಸನಕ್ಕೆ ಬರುತ್ತೇನೆ. 5ನೇ ಶತಮಾನದಲ್ಲಿ, ಕದಂಬರ ಅರಸ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದದ್ದು. ಕಂಚಿಯಲ್ಲಿ ಪಲ್ಲವರ ಕುದುರೆಯಾಳಿನೊಂದಿಗೆ ಮಯೂರಶರ್ಮ ಜಗಳವಾಡಿದ ಭಾಗ ನಮಗೆಲ್ಲ ಬಾಯಿಪಾಠ. ಅದಕ್ಕೂ ಮೊದಲು ಬರುವ ಮರದ ಮಾತನ್ನು ಯಾರೂ ಹೇಳುವುದಿಲ್ಲ. ಮನೆಯ ಹತ್ತಿರ ಹೂಬಿಡುವ ಒಂದು ಕದಂಬದ ಮರವಿತ್ತು, ಅದನ್ನು ಆರೈಕೆ ಮಾಡಿದ್ದರಿಂದ ಮನೆತನಕ್ಕೆ ಆ ಹೆಸರು ಬಂತು ಎಂದು ಕುಬ್ಜ ಹೇಳುತ್ತಾನೆ. ಈಗ ಗೋವಾದ ಸರ್ಕಾರಿ ಬಸ್ಸಿಗೂ ಕಾರವಾರದ ನೌಕಾನೆಲೆಗೂ ಅದೇ ಹೆಸರು. ಮರ ಮಾತ್ರ ಎಷ್ಟು ಜನಕ್ಕೆ ಗೊತ್ತು? ನನಗೇ ಗೊತ್ತಿರಲಿಲ್ಲ. ನೂರಾರು ಪುಟ್ಟ ಹೂಗಳು ಒತ್ತಾಗಿ ಸೇರಿ ಲಾಡಿನಂತೆ ಉಂಡೆಯಾಗುತ್ತವೆ. ದೂರದಿಂದ ಒಂದೇ ಹೂವು ಅನಿಸುತ್ತದೆ. ಕಮಾಂಡರ್ ಎಂಬ ಚಿಟ್ಟೆಯ ಹುಳ ಇದರ ಎಲೆಯನ್ನು ತುದಿಯಿಂದ ತಿನ್ನುತ್ತ ನಡುನರ ಉಳಿಸಿ, ಆ ಕಡ್ಡಿಯ ಮೇಲೇ ಒಣಗಿದ ಚೂರಿನಂತೆ ಕೂರುತ್ತದಂತೆ. ಅದನ್ನಿನ್ನೂ ಕಣ್ಣಾರೆ ಕಂಡಿಲ್ಲ.

ನಾವು ಊರಿಗೆ ಹೋಗುವುದು ಡಿಸೆಂಬರಿನಲ್ಲಿ, ಕದಂಬ ಅರಳುವುದು ಮಳೆಗಾಲದಲ್ಲಿ. ಜುಲೈ ರಜೆಗೆ ಶಿಕಾರಿಪುರ, ಸೊರಬದ ಕಡೆ ಹೋಗುವವರಿದ್ದರೆ ಒಂದು ಕೋರಿಕೆ: ಹೂಬಿಟ್ಟ ಕದಂಬ ಕಂಡರೆ, ಸೆಲ್ಫಿ ಆದಮೇಲೆ ಎಲೆಯ ತುದಿಗಳದ್ದೂ ನಾಲ್ಕು ಫೋಟೊ ತೆಗೆದು ತನ್ನಿ.