ಸಾಕಿದವಳ ಅಧಿಕಾರ

ಅನ್ಯದೇಶದಲ್ಲಿ ವೃತ್ತಿನಿಮಿತ್ತವಾಗಿ ನೆಲಸಿದವರು ಆ ನೆಲದ ಶಿಶುವೊಂದನ್ನು ಮಡಿಲಿಗೆ ತೆಗೆದುಕೊಂಡಾಗ, ಅನ್ನವಸ್ತ್ರಗಳನ್ನೂ ವಿದ್ಯೆಯನ್ನೂ ಕೊಡುವ ಕರ್ತವ್ಯದೊಡನೆ ತಮ್ಮ ದೇವರನ್ನೂ ಅದಕ್ಕೆ ಕೊಡುವ ಅಧಿಕಾರ ಅವರಿಗೆ ಲಭಿಸುತ್ತದೆಯೆ ಎಂಬ ಪ್ರಶ್ನೆಯನ್ನು ನಮ್ಮವರು ಎತ್ತುವುದು ಬಹುಮಟ್ಟಿಗೆ ಕೋಪ ಬಂದಾಗಲೇ. ಸಮಚಿತ್ತದಿಂದ ಅದನ್ನು ವಿಚಾರಿಸಬಯಸುವವರಿಗೆ ಏಮಿ ಕಾರ್ಮೈಕೇಲಳ ಚರಿತ್ರೆಯಷ್ಟು ತಕ್ಕ ನಿದರ್ಶನ ವಿರಳ.

1867ರಲ್ಲಿ ಐರ್ಲೆಂಡಿನಲ್ಲಿ ಜನಿಸಿ, 1895ರಲ್ಲಿ ಮಿಷನರಿಯಾಗಿ ಬೆಂಗಳೂರಿಗೆ ಬಂದ ಈಕೆ, ಅಲ್ಲಿಂದ ತಿರುನೆಲ್ವೇಲಿ ಸೀಮೆಗೆ ತೆರಳಿ, 1951ರಲ್ಲಿ ಆ ಸೀಮೆಯ ದೋಣಾವೂರಿನಲ್ಲಿ ಕಾಲವಾಗುವವರೆಗೂ ಸ್ವದೇಶಕ್ಕೆ ಮರಳಲಿಲ್ಲ. 1901ರಲ್ಲಿ ಪ್ರೀನಾ ಎಂಬ ಏಳು ವರ್ಷದ ಬಾಲೆ ದೇವಾಲಯದ ಹೆಂಗಸರ ಮನೆಯಿಂದ ತಪ್ಪಿಸಿಕೊಂಡು ಬಂದು ಆಕೆಯ ಆಶ್ರಯ ಬೇಡಿದಳು. ಹಿಂದೊಮ್ಮೆ ಹೀಗೆಯೇ ಹೆತ್ತ ತಾಯಿಯ ಬಳಿಗೆ ಓಡಿದ್ದಾಗ, ಆ ತಾಯಿ ತನ್ನ ಕೊರಳನ್ನು ತಬ್ಬಿದ್ದ ಕೈಗಳನ್ನು ಬಿಡಿಸಿ ಮಗುವನ್ನು ಆ ಹೆಂಗಸರಿಗೇ ಒಪ್ಪಿಸಿದ್ದಳು. ಓಡಿದ ತಪ್ಪಿಗೆ ಆ ಪುಟ್ಟ ಕೈಗಳಿಗೆ ಬರೆಯೆಳೆದಿದ್ದರು.

ಇಂತಹ ಕೂಸಿನ ಮೇಲೆ ಹೆತ್ತವರಿಗೆ ಹಕ್ಕು ಉಳಿಯಿತೆ? ಐತರೇಯ ಬ್ರಾಹ್ಮಣದ ಒಂದು ಕಥೆ ಉಳಿಯದೆನ್ನುತ್ತದೆ. ನೂರು ಗೋವುಗಳಿಗೆ ಮಗ ಶುನಃಶೇಪನನ್ನು ಯಜ್ಞಪಶುವಾಗಿ ಮಾರಿ, ಮತ್ತೆ ನೂರಕ್ಕೆ ಯೂಪಸ್ತಂಭಕ್ಕೆ ಬಿಗಿದು, ಇನ್ನೂ ನೂರರ ಆಸೆಗೆ ಕತ್ತಿ ಮಸೆಯುತ್ತ ಬಂದ ಅಜೀಗರ್ತನು, ಶುನಃಶೇಪನು ದೇವತೆಗಳ ಕೃಪೆಯಿಂದ ಬದುಕಿಕೊಂಡ ಮೇಲೆ, ನಾಚಿಕೆಯಿಲ್ಲದೆ ಅವನನ್ನು ಹಿಂದಕ್ಕೆ ಕೇಳಿದನು. ಹುಡುಗನು ತನಗೆ ಆಶ್ರಯವಿತ್ತ ಋಷಿ ವಿಶ್ವಾಮಿತ್ರನ ತೊಡೆಯನ್ನು ಬಿಡಲಿಲ್ಲ. ಆದರೆ, ಇದು ಗಮನಿಸತಕ್ಕ ಮಾತು, ಆಂಗಿರಸ ಕುಲದಲ್ಲಿ ಹುಟ್ಟಿದ ತಾನು ಪರಕುಲದ ಪುತ್ರನಾಗುವ ಬಗೆ ಹೇಗೆಂದು ಬಾಯಿಬಿಟ್ಟು ಕೇಳಿ, ಒಡಂಬಡಿಕೆಯನ್ನು ಸ್ಪಷ್ಟಪಡಿಸಿಕೊಂಡೇ ಅವನು ದೇವರಾತನೆಂಬ ಹೆಸರನ್ನೂ ಹೊಸ ಕುಲದ ವಿದ್ಯೆಯನ್ನೂ ಅಂಗೀಕರಿಸಿದನು.

ಪ್ರೀನಾ ತಾನೇ ಬಂದು ಮಡಿಲನ್ನು ಆರಿಸಿಕೊಂಡಳು; ತರುವಾಯ ದೋಣಾವೂರಿನ ಆಕೆಯ ಆಶ್ರಮಕ್ಕೆ ಬಂದ ಹಸುಗೂಸುಗಳಿಗೆ ಕೇಳುವ ಬಾಯಿಯೇ ಇರಲಿಲ್ಲ. ಕಾರ್ಮೈಕೇಲ್ ತನ್ನ ಉಡುಗೆಯನ್ನು ಬಿಟ್ಟು ಸೀರೆಯುಟ್ಟಳು, ತಮಿಳು ಕಲಿತಳು, ಮಕ್ಕಳಿಂದ ಅಮ್ಮನೆನಿಸಿಕೊಂಡಳು. ಬಿಡದೆ ಉಳಿಸಿಕೊಂಡದ್ದು ತನ್ನ ದೇವರನ್ನು ಮಾತ್ರ, ಮಕ್ಕಳಿಗೆಲ್ಲ ಕೊಟ್ಟದ್ದೂ ಅದನ್ನೇ. ಹೆತ್ತವರು ಮಾತ್ರ ಮಗುವನ್ನು ಕೇಳಿಯೇ ವಿಭೂತಿ ಹಚ್ಚುತ್ತಾರೆಯೆ ಎಂದು ವಾದಿಸಬಹುದು, ವಾದ ನ್ಯಾಯವಾದದ್ದೇ. ಆದರೂ ಹೆತ್ತವರ ಮನೆಯ ಸುತ್ತ ಅಜ್ಜಿಯರು, ನೆಂಟರು, ನೆರೆಹೊರೆಯ ಬೇರೆ ದೇವರುಗಳು, ತರ್ಕಮಾಡುವ ಸೋದರಮಾವಂದಿರು ಇರುತ್ತಾರೆ. ಆಳುವ ಜನಾಂಗದ ಸ್ತ್ರೀಯೊಬ್ಬಳು ನಡೆಸುವ ಆಶ್ರಮದ ಗೋಡೆಯೊಳಗೆ ಆ ಇನ್ನೊಂದು ಧ್ವನಿ ಎಲ್ಲಿಂದ ಬರಬೇಕು? ಆ ಧ್ವನಿಗೂ ಎಡೆಮಾಡಿಕೊಡುವ ಹೊಣೆ, ಹೆತ್ತವರಿಗಿಂತ ಸಾಕಿದ ಪರದೇಶೀಯರ ಮೇಲೆಯೇ ಹೆಚ್ಚು.

ಆದುದರಿಂದ ಆಕೆಯ ಮಾತೃತ್ವವನ್ನು ನಿಶ್ಶೇಷವಾಗಿ ಒಪ್ಪುವ ನಾನು, ಮತದ ವಿಷಯದಲ್ಲಿ ಆಕೆಯ ಅಧಿಕಾರವನ್ನು ಒಪ್ಪಲಾರೆ. ಹಾಗೆಂದು ನಮ್ಮ ಜನ ಆಕೆಯನ್ನು ಆಕ್ಷೇಪಿಸುವಾಗ ಸ್ವಲ್ಪ ತಡೆದು ಮಾತನಾಡುವುದು ಲೇಸು. ಹೆಣ್ಣುಮಕ್ಕಳನ್ನು ಗುಡಿಗೆ ಬಿಡುವುದನ್ನು ನಿಷೇಧಿಸಿ ಮದ್ರಾಸ್ ಪ್ರಾಂತದಲ್ಲಿ ಶಾಸನವಾದದ್ದು 1947ರಲ್ಲಿ. ಅಷ್ಟರಲ್ಲಿ ಪ್ರೀನಾ ಓಡಿಬಂದು ನಲವತ್ತಾರು ವರ್ಷ ಕಳೆದಿತ್ತು.