ಮದ್ದಿಗೆ ಯಾವ ಜಾತಿ?

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಈಗ ಕಾಲ ತಿರುಗಿದೆ. ಹಿತ್ತಲ ಗಿಡ ಮದ್ದಾಗಿದೆ. ಮದ್ದಾಗಿ ಸುಮ್ಮನಿರದೆ ಬಾವುಟವೂ ಆಗಿದೆ. ಅಮೃತಬಳ್ಳಿಯ ಕಷಾಯ ಕುಡಿಯುವುದು ದೇಶಭಕ್ತಿ, ಅದು ನಿಜಕ್ಕೂ ಜ್ವರ ಇಳಿಸುತ್ತದೆಯೇ ಎಂದು ಕೇಳುವುದು ದ್ರೋಹ ಎಂಬಂತೆ ಮಾತನಾಡುವವರು ಹೆಚ್ಚಾಗಿದ್ದಾರೆ. ಇನ್ನೊಂದು ಕಡೆ, ಆಯುರ್ವೇದವೆಂದರೆ ಬರೀ ಮೂಢನಂಬಿಕೆ, ಅದರಿಂದ ಕಲಿಯುವಂಥದ್ದೇನೂ ಇಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಇಬ್ಬರೂ ಆ ಶಾಸ್ತ್ರದ ಹಳೆಯ ಗ್ರಂಥಗಳನ್ನು ಬಿಡಿಸಿ ನೋಡಿದಂತೆ ಕಾಣುವುದಿಲ್ಲ. ನೋಡಿದ್ದರೆ ಒಂದು ಪ್ರಶ್ನೆ ಅವರನ್ನು ಕಾಡದೆ ಬಿಡುತ್ತಿರಲಿಲ್ಲ: ರೋಗ ಗುಣಪಡಿಸುವ ಜ್ಞಾನ ಯಾರದು? ಹುಟ್ಟಿನಿಂದ ಬಂದ ಆಸ್ತಿಯಂತೆ ಅದನ್ನು ಯಾರಾದರೂ ತಮ್ಮದೆಂದು ಬೇಲಿ ಹಾಕಿಕೊಳ್ಳಬಹುದೇ?

ಆಯುರ್ವೇದ ತನ್ನ ಹುಟ್ಟಿನ ಬಗ್ಗೆ ತಾನೇ ಎರಡು ಕಥೆ ಹೇಳುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು. ಬ್ರಹ್ಮನಿಂದ ಪ್ರಜಾಪತಿಗೆ, ಅವನಿಂದ ಅಶ್ವಿನೀದೇವತೆಗಳಿಗೆ, ಅವರಿಂದ ಇಂದ್ರನಿಗೆ ಈ ವಿದ್ಯೆ ಬಂತು. ಭೂಮಿಯಲ್ಲಿ ರೋಗ ಹೆಚ್ಚಾದಾಗ ಹಿಮಾಲಯದ ತಪ್ಪಲಲ್ಲಿ ಋಷಿಗಳು ಸಭೆ ಸೇರಿ ಭರದ್ವಾಜನನ್ನು ಇಂದ್ರನ ಬಳಿಗೆ ಕಳಿಸಿದರು. ಆ ವಿದ್ಯೆ ಆತ್ರೇಯನಿಗೆ, ಅವನಿಂದ ಅಗ್ನಿವೇಶ ಮೊದಲಾದ ಆರು ಶಿಷ್ಯರಿಗೆ ದಕ್ಕಿತು. ಅಗ್ನಿವೇಶನ ಗ್ರಂಥವನ್ನು ಚರಕ ತಿದ್ದಿದ, ಅದರಲ್ಲಿ ಕೊರತೆಯಾಗಿದ್ದ ಭಾಗವನ್ನು ಮುಂದೆ ದೃಢಬಲ ತುಂಬಿದ. ಇವತ್ತು ನಮ್ಮ ಕೈಯಲ್ಲಿರುವ ಚರಕಸಂಹಿತೆ ಹೀಗೆ ಹಲವು ತಲೆಮಾರುಗಳ ಕೈ ದಾಟಿ ಬಂದದ್ದು.

ಎರಡನೆಯ ಕಥೆ ಅದೇ ಚರಕಸಂಹಿತೆಯ ಮೊದಲ ಅಧ್ಯಾಯದಲ್ಲೇ ಇದೆ, ಆದರೆ ಅದನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಗಿಡಮೂಲಿಕೆಗಳ ಹೆಸರು, ರೂಪ ಗೊತ್ತಿರುವುದು ಕಾಡಿನಲ್ಲಿ ಓಡಾಡುವವರಿಗೆ, ಆಡು ಕಾಯುವವರಿಗೆ, ದನ ಕುರಿ ಮೇಯಿಸುವವರಿಗೆ ಎಂದು ಚರಕ ಹೇಳುತ್ತಾನೆ. ಸುಶ್ರುತನೂ ದನಗಾಹಿಗಳನ್ನು, ಬೇಡರನ್ನು, ಕಾಡಿನ ಜನರನ್ನು ಕೇಳಿ ಗಿಡ ಗುರುತಿಸಿಕೊಳ್ಳಬೇಕೆನ್ನುತ್ತಾನೆ. ಮೊದಲ ಕಥೆಯಲ್ಲಿ ವಿದ್ಯೆ ಮೇಲಿನಿಂದ ಇಳಿಯುತ್ತದೆ; ಎರಡನೆಯದರಲ್ಲಿ ಕೆಳಗಿನಿಂದ ಏರುತ್ತದೆ. ಗ್ರಂಥ ಬರೆದವರು ಗಿಡಗಳನ್ನು ವಿಂಗಡಿಸಿ ಅವಕ್ಕೊಂದು ಕ್ರಮ ಕೊಟ್ಟರು, ಅದು ದೊಡ್ಡ ಕೆಲಸವೇ. ಆದರೆ ಮೊದಲು ಎಲೆ ಕಿತ್ತು ಕಚ್ಚಿ ನೋಡಿದ ಕುರುಬನಿಗೆ ಗುರುಪರಂಪರೆಯ ಪಟ್ಟಿಯಲ್ಲಿ ಹೆಸರಿಲ್ಲ.

ಇನ್ನು ತತ್ವದ ಮಾತು. ಪಂಚಭೂತಗಳಿಂದಾದ ದೇಹದಲ್ಲಿ ವಾತ, ಪಿತ್ತ, ಕಫ ಎಂಬ ಮೂರು ದೋಷಗಳು, ರಸ ರಕ್ತ ಮಾಂಸ ಮೊದಲಾದ ಏಳು ಧಾತುಗಳು, ಹೊರಹೋಗಬೇಕಾದ ಮಲಗಳು. ಇವು ಸಮವಾಗಿದ್ದರೆ ಆರೋಗ್ಯ, ಏರುಪೇರಾದರೆ ರೋಗ. ಜಠರಾಗ್ನಿ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಆದ್ದರಿಂದಲೇ ಮದ್ದಿಗಿಂತ ಪಥ್ಯಕ್ಕೆ, ಋತುವಿಗೆ ತಕ್ಕ ಊಟಕ್ಕೆ ಅಷ್ಟು ಮಹತ್ವ. ಇದು ಇಂದಿನ ಶರೀರಶಾಸ್ತ್ರಕ್ಕೆ ಒಪ್ಪುವ ವಿವರಣೆಯಲ್ಲ, ಹೌದು. ಆದರೆ ಅದು ಹುಟ್ಟಿದ ಕಾಲದಲ್ಲಿ ಒಂದು ದೊಡ್ಡ ಹೆಜ್ಜೆ. ಅಥರ್ವವೇದದಲ್ಲಿ ಜ್ವರವನ್ನು ಮಂತ್ರ ಹೇಳಿ ಓಡಿಸುತ್ತಿದ್ದರು. ಚರಕನ ಕಾಲಕ್ಕೆ ಚಿಕಿತ್ಸೆ ಮೂರು ಬಗೆಯಾಗಿತ್ತು: ದೈವವನ್ನು ಆಶ್ರಯಿಸಿದ್ದು, ಯುಕ್ತಿಯನ್ನು ಆಶ್ರಯಿಸಿದ್ದು, ಮನಸ್ಸನ್ನು ಹಿಡಿತದಲ್ಲಿಡುವುದು. ಮಂತ್ರಕ್ಕೂ ಅಲ್ಲಿ ಜಾಗವಿದೆ. ಆದರೆ ಗ್ರಂಥದ ಬಹುಪಾಲು ತುಂಬಿರುವುದು ಯುಕ್ತಿ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯಗಳ ಜೊತೆಗೆ ಯುಕ್ತಿಯನ್ನೂ ಒಂದು ಪ್ರಮಾಣವೆಂದು ಚರಕ ಎಣಿಸುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ಅವನ ನೈತಿಕ ಪರಿಭಾಷೆ. ಸುಖದ ಆಯುಸ್ಸು ಬೇರೆ, ಹಿತದ ಆಯುಸ್ಸು ಬೇರೆ ಎಂದು ಅವನು ಭೇದ ಮಾಡುತ್ತಾನೆ. ಗಟ್ಟಿ ಮೈ, ಕೈತುಂಬ ಹಣ ಇದ್ದರೆ ಅದು ಸುಖದ ಬದುಕು. ಇತರರಿಗೆ ಒಳಿತು ಬಯಸಿ, ಸತ್ಯ ನುಡಿದು, ಪರರ ಸೊತ್ತಿಗೆ ಕೈ ಹಾಕದೆ ಬದುಕಿದರೆ ಅದು ಹಿತದ ಬದುಕು. ಇವೆರಡನ್ನೂ ಅರಿಯುವುದೇ ಆಯುರ್ವೇದ. ರೋಗದ ಕಾರಣಗಳಲ್ಲಿ ಪ್ರಜ್ಞಾಪರಾಧವೆಂಬುದು ಒಂದು. ಬುದ್ಧಿ ತಪ್ಪಿ, ವಿವೇಕ ಬಿಟ್ಟು ಮಾಡುವ ಕೆಲಸ. ಊರಿಗೆ ಊರೇ ಸಾಯುವ ಸಾಂಕ್ರಾಮಿಕಕ್ಕೂ ಒಂದು ಅಧ್ಯಾಯವಿದೆ. ಗಾಳಿ, ನೀರು, ನೆಲ, ಕಾಲ ಕೆಟ್ಟಾಗ ಬೇರೆ ಬೇರೆ ಪ್ರಕೃತಿಯ ಜನ ಒಟ್ಟಿಗೇ ಸಾಯುತ್ತಾರೆ. ಅವು ಕೆಡುವುದು ಅಧರ್ಮದಿಂದ, ಆ ಅಧರ್ಮ ಆಳುವವರಿಂದ ಶುರುವಾಗಿ ಪ್ರಜೆಗಳಿಗೆ ಹಬ್ಬುತ್ತದೆ ಎನ್ನುತ್ತಾನೆ. ನದಿಗೆ ಕಾರ್ಖಾನೆಯ ವಿಷ ಬಿಡುವವರನ್ನು ಕಾಣುವ ನಮಗೆ ಇದು ಹಳೆಯ ಮಾತೆನಿಸುವುದಿಲ್ಲ.

ಆದರೆ ಇಂಥ ವಿದ್ಯೆ ಬಲ್ಲವನನ್ನು ಸಮಾಜ ಹೇಗೆ ಕಂಡಿತು? ತೈತ್ತಿರೀಯ ಸಂಹಿತೆಯಲ್ಲಿ ದೇವವೈದ್ಯರಾದ ಅಶ್ವಿನಿಗಳೇ ಮನುಷ್ಯರ ನಡುವೆ ಓಡಾಡಿ ಮೈಲಿಗೆಯಾದವರು, ಬ್ರಾಹ್ಮಣ ವೈದ್ಯ ಮಾಡಬಾರದು ಎಂಬ ಮಾತಿದೆ. ಮನುಸ್ಮೃತಿಯಂತೂ ವೈದ್ಯ ಕೊಟ್ಟ ಅನ್ನವನ್ನು ಕೀವಿಗೆ ಹೋಲಿಸುತ್ತದೆ. ಕಾರಣ ಸರಳ. ವೈದ್ಯನಾದವನು ಎಲ್ಲರ ಮೈ ಮುಟ್ಟಬೇಕು, ಗಾಯ ತೊಳೆಯಬೇಕು, ಮಲಮೂತ್ರ ನೋಡಬೇಕು. ಸುಶ್ರುತ ಹೆಣವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಪದರ ಪದರವಾಗಿ ಉಜ್ಜಿ ಒಳಗಿನ ಅಂಗಗಳನ್ನು ಕಣ್ಣಾರೆ ನೋಡಿ ಕಲಿಯಬೇಕೆಂದ. 101 ಯಂತ್ರಗಳನ್ನು, 20 ಶಸ್ತ್ರಗಳನ್ನು ಹೇಳಿದ. ಕುಂಬಳ, ಸೌತೆಗಳ ಮೇಲೆ ಕೊಯ್ಯುವುದನ್ನು ಅಭ್ಯಾಸ ಮಾಡಿಸಿದ. ಮಡಿಯನ್ನೇ ಮುಖ್ಯವೆಂದು ನಂಬಿದ ಸಮಾಜದಲ್ಲಿ ಇಂಥ ಕಲಿಕೆ ಎಷ್ಟು ಕಾಲ ಬಾಳೀತು? ದೇಬಿಪ್ರಸಾದ್ ಚಟ್ಟೋಪಾಧ್ಯಾಯರು 1977ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಸಂಘರ್ಷವನ್ನೇ ವಿವರವಾಗಿ ಚರ್ಚಿಸಿದ್ದಾರೆ.

ಶಸ್ತ್ರವಿದ್ಯೆ ಎಲ್ಲಿ ಉಳಿದಿತ್ತೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕೂರಿಸಿದ. ಇದರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಯಿತು. ಯುರೋಪಿನ ಆಧುನಿಕ ಪ್ಲಾಸ್ಟಿಕ್ ಸರ್ಜರಿಗೆ ಪ್ರೇರಣೆ ಸಿಕ್ಕಿದ್ದು ಅಲ್ಲಿಂದ. ಮೂಗು ಕಳೆದುಕೊಂಡವನು ಮರಾಠ, ಕತ್ತರಿಸಿದ್ದು ಮುಸ್ಲಿಂ ದೊರೆಯ ಸೈನ್ಯ, ಜೋಡಿಸಿದ್ದು ಸಂಸ್ಕೃತ ಓದದ ಕುಶಲಕರ್ಮಿ. ರಾಜರ ಜಗಳ ಏನೇ ಇರಲಿ, ಆ ಇಟ್ಟಿಗೆಯವನ ಕೈಗೆ ಕಂಡದ್ದು ಗಾಯಗೊಂಡ ಒಂದು ಮುಖ ಮಾತ್ರ.

ಹಳೆಯ ಗ್ರಂಥಗಳೂ ತಮ್ಮ ಕಾಲದ ಗೋಡೆಗಳನ್ನು ಪೂರ್ತಿ ದಾಟಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಚರಕನು ಶಿಷ್ಯನಿಗೆ ಬೋಧಿಸುವ ಪ್ರತಿಜ್ಞೆಯಲ್ಲಿ ರಾಜನ ವೈರಿಗಳಿಗೆ ಮದ್ದು ಕೊಡಬಾರದೆಂದಿದೆ. ಗಂಡನೋ ಪೋಷಕನೋ ಜೊತೆಗಿಲ್ಲದ ಹೆಣ್ಣಿಗೂ ಮದ್ದಿಲ್ಲ. ಒಳ್ಳೆಯ ಗುಣದ ಶೂದ್ರನಿಗೆ ಉಪನಯನ, ಮಂತ್ರ ಬಿಟ್ಟು ವಿದ್ಯೆ ಕಲಿಸಬಹುದು ಎಂಬುದನ್ನು ಸುಶ್ರುತಸಂಹಿತೆ ‘ಕೆಲವರ ಮತ’ವೆಂದು ಹೇಳಿ ನಿಲ್ಲುತ್ತದೆ. ಆದರೆ ರೋಗಿಗಳ ವಿಷಯದಲ್ಲಿ ಮೈತ್ರಿ, ಕಾರುಣ್ಯ ಇರಬೇಕೆಂದು ಹೇಳಿದವನೂ, ಚಿಕಿತ್ಸೆಯನ್ನು ವ್ಯಾಪಾರ ಮಾಡುವವನು ಚಿನ್ನ ಬಿಟ್ಟು ಮಣ್ಣು ಆರಿಸಿಕೊಂಡಂತೆ ಎಂದವನೂ ಅದೇ ಚರಕ. ಕರುಣೆಯೊಂದು ಕಡೆ, ರಾಜನ ಭಯವೊಂದು ಕಡೆ. ಈ ಎರಡರಲ್ಲಿ ನಾವು ಯಾವುದನ್ನು ಮುಂದುವರಿಸುತ್ತೇವೆ ಎಂಬುದರ ಮೇಲೆ ನಾವು ಎಂಥ ವಾರಸುದಾರರು ಎಂಬುದು ನಿಂತಿದೆ.

ಈ ವಿದ್ಯೆ ಯಾರೊಬ್ಬರ ಬೇಲಿಯೊಳಗೂ ನಿಂತದ್ದಲ್ಲ. ಬುದ್ಧನ ಕಾಲದ ಜೀವಕನ ಕಥೆ ಬೌದ್ಧರ ವಿನಯಪಿಟಕದಲ್ಲಿದೆ. ನಮ್ಮ ಕನ್ನಡ ನಾಡಿನಲ್ಲಿ ಅಮೋಘವರ್ಷನ ಕಾಲದ ಜೈನ ಮುನಿ ಉಗ್ರಾದಿತ್ಯ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಬರೆದು, ಮದ್ದಿನಲ್ಲಿ ಮಾಂಸ ಬೇಡವೆಂದು ವಾದಿಸಿದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಯನ್ನು ‘ಖಗೇಂದ್ರಮಣಿದರ್ಪಣ’ದಲ್ಲಿ ಕನ್ನಡಕ್ಕೇ ತಂದ. ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬಗ್ದಾದಿನಲ್ಲಿ ಬರ್ಮಕಿ ಮನೆತನದ ಯಹ್ಯಾ, ಮಂಕಾ ಎಂಬ ಭಾರತೀಯ ವೈದ್ಯನಿಂದ ಸುಶ್ರುತನನ್ನು ಅರಬ್ಬಿಗೆ ಅನುವಾದಿಸಿಸಿದ. ಆ ಬರ್ಮಕಿಗಳ ಹಿರಿಯರು ಬಲ್ಖ್‌ನ ಬೌದ್ಧ ವಿಹಾರದ ಮುಖ್ಯಸ್ಥರಾಗಿದ್ದವರು. ಅಲಿ ಇಬ್ನ್ ರಬ್ಬನ್ ತಬರಿ ಸುಮಾರು 850ರಲ್ಲಿ ಮುಗಿಸಿದ ‘ಫಿರ್ದೌಸುಲ್ ಹಿಕ್ಮತ್’ನ ಕೊನೆಯ ಭಾಗವನ್ನು ಭಾರತದ ವೈದ್ಯಕ್ಕೇ ಮೀಸಲಿಟ್ಟ. ಹೋದದ್ದಷ್ಟೇ ಅಲ್ಲ, ಬಂದದ್ದೂ ಇದೆ. ಆಯುರ್ವೇದದ ಗುರುತೇ ಎಂಬಂತಾಗಿರುವ ನಾಡಿಪರೀಕ್ಷೆ ಚರಕನಲ್ಲಿಲ್ಲ, ಸುಶ್ರುತನಲ್ಲೂ ಇಲ್ಲ. ಅದು ಕಾಣಿಸಿಕೊಳ್ಳುವುದು ಎಷ್ಟೋ ಶತಮಾನಗಳ ನಂತರ, ಶಾರ್ಙ್ಗಧರನಲ್ಲಿ. ಅಫೀಮು ಮದ್ದಾಗಿ ಬರುವುದೂ ಅಲ್ಲೇ.

ಒಂದು ಪದ ಸಾಕು ಈ ಪ್ರಯಾಣ ತಿಳಿಯಲು. ಗ್ರಂಥಿಗೆ ಅಂಗಡಿಯಲ್ಲಿ ಪಂಡಿತರು ಕೇಳುವ ತ್ರಿಫಲ ಅಳಲೆ, ತಾರೆ, ನೆಲ್ಲಿಕಾಯಿಗಳ ಕೂಟ. ಅದೇ ಅರಬ್ಬಿಗೆ ಹೋಗಿ ‘ಇತ್ರೀಫಲ್’ ಆಯಿತು. ಇವತ್ತಿಗೂ ಯುನಾನಿ ಹಕೀಮರು ಚೀಟಿಯಲ್ಲಿ ಬರೆಯುವುದು ಇದೇ ಹೆಸರನ್ನು. ಅಂಗಡಿಯವನು ಇಬ್ಬರಿಗೂ ಕೊಡುವುದು ಅದೇ ಡಬ್ಬಿಗಳಿಂದ.

ಹಾಗಾದರೆ ಎಲ್ಲರದೂ ಆದದ್ದನ್ನು ಯಾರಾದರೂ ಕದಿಯುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರಿಶಿನ ಗಾಯ ಮಾಯಿಸುತ್ತದೆಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಆಗ ಮುಂದಿಟ್ಟ ದಾಖಲೆಗಳಲ್ಲಿ ಸಂಸ್ಕೃತದವೂ ಇದ್ದವು, ಹಿಂದಿಯವೂ ಉರ್ದುವಿನವೂ ಇದ್ದವು. ಅರಿಶಿನವನ್ನು ಉಳಿಸಿದ್ದು ಬೇಲಿಯಲ್ಲ, ಹಲವು ಭಾಷೆಗಳ ಜನ ಬರೆದಿಟ್ಟು ಹಂಚಿಕೊಂಡ ಜ್ಞಾನ.

ಇನ್ನು ಗೌರವದ ಪ್ರಶ್ನೆ. ಪರಂಪರೆಯನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡದಿರುವುದೇ? ಅಬೂಬಕ್ರ್ ಅಲ್ ರಾಝಿ ಗ್ರೀಕ್ ವೈದ್ಯ ಗ್ಯಾಲೆನ್‌ನನ್ನು ಗುರುವೆಂದೇ ಒಪ್ಪಿದವನು. ಆದರೂ ಅವನ ತಪ್ಪುಗಳನ್ನು ಎತ್ತಿ ತೋರಿಸಲು ‘ಜಾಲೀನೂಸನ ಬಗ್ಗೆ ಸಂಶಯಗಳು’ ಎಂಬ ಅರ್ಥದ ಒಂದು ಗ್ರಂಥವನ್ನೇ ಬರೆದ. ಚರಕನಂತೂ ವೈದ್ಯರು ಒಬ್ಬರೊಡನೊಬ್ಬರು ವಾದ ಮಾಡಬೇಕೆಂದು ವಿಧಿಸಿ, ಸ್ನೇಹದ ಚರ್ಚೆ ಹೇಗೆ, ಗೆಲ್ಲುವ ಚರ್ಚೆ ಹೇಗೆ ಎಂದು ನಿಯಮ ಬರೆದ. ಬುದ್ಧಿವಂತನಿಗೆ ಇಡೀ ಲೋಕವೇ ಗುರು ಎಂದ. ಪ್ರಶ್ನೆ ಕೇಳಿದವನನ್ನು ದ್ರೋಹಿಯೆನ್ನುವವರು ಚರಕನ ಪಕ್ಷದವರಂತೂ ಅಲ್ಲ.

ಪ್ರತಿಯೊಬ್ಬನ ಪ್ರಕೃತಿ ಬೇರೆ, ಆದ್ದರಿಂದ ಆಯುರ್ವೇದವನ್ನು ಪಾಶ್ಚಾತ್ಯ ಅಳತೆಗೋಲಿನಿಂದ ಅಳೆಯಲಾಗದು ಎಂಬ ವಾದವಿದೆ. ಅದರಲ್ಲಿ ಸ್ವಲ್ಪ ಹುರುಳಿದೆ. ಪ್ರಕೃತಿಯನ್ನೂ ಲೆಕ್ಕಕ್ಕೆ ಹಿಡಿಯುವ ಪರೀಕ್ಷೆಯನ್ನು ರೂಪಿಸಬೇಕು. ಆದರೆ ಎಲ್ಲರಿಗೂ ಒಂದೇ ಗುಳಿಗೆಯನ್ನು ಡಬ್ಬಿಯಲ್ಲಿ ಹಾಕಿ ಟಿವಿ ಜಾಹೀರಾತಿನಲ್ಲಿ ಮಾರುವವರಿಗೆ ಆ ವಾದದ ಆಸರೆ ಸಿಗುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಕೊಂಡ 70 ಆಯುರ್ವೇದ ಔಷಧಿಗಳ ಪೈಕಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತು. 2024ರಲ್ಲಿ ನಮ್ಮ ಸುಪ್ರೀಂ ಕೋರ್ಟು ದೊಡ್ಡದೊಂದು ಕಂಪೆನಿಯನ್ನು ದಾರಿತಪ್ಪಿಸುವ ಜಾಹೀರಾತುಗಳಿಗಾಗಿ ತರಾಟೆಗೆ ತೆಗೆದುಕೊಂಡಾಗ, ಅದು ಪತ್ರಿಕೆಗಳಲ್ಲಿ ಕ್ಷಮೆ ಕೇಳಬೇಕಾಯಿತು. ಸೀಸ ಸೇರಿದ ಗುಳಿಗೆ ನುಂಗುವ ಮಗುವಿಗೆ ಅದರ ಡಬ್ಬಿಯ ಮೇಲಿನ ಓಂಕಾರವಾಗಲಿ ಚಂದ್ರತಾರೆಯಾಗಲಿ ರಕ್ಷಣೆ ಕೊಡದು. ಈ ಮಾತು ನಮ್ಮ ಯುನಾನಿಗೂ ಅಷ್ಟೇ ಅನ್ವಯಿಸುತ್ತದೆ.

ಬೇರೆ ದಾರಿಯೂ ಇತ್ತು. ಹಕೀಮ್ ಅಜ್ಮಲ್ ಖಾನರು 1910ರಲ್ಲಿ ವೈದ್ಯರನ್ನೂ ಹಕೀಮರನ್ನೂ ಒಂದೇ ವೇದಿಕೆಗೆ ತಂದರು. ಅವರು ದೆಹಲಿಯಲ್ಲಿ ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಆ ದಿನ ಗಾಂಧೀಜಿ ಬರೀ ಹೊಗಳಿ ಬರಲಿಲ್ಲ. ಆಧುನಿಕ ವಿಜ್ಞಾನಿಗಳ ಸಂಶೋಧನಾ ಮನೋಭಾವಕ್ಕೆ ಗೌರವ ಸಲ್ಲಿಸಿ, ನಮ್ಮ ವೈದ್ಯರಲ್ಲಿ, ಹಕೀಮರಲ್ಲಿ ಅದು ಕಾಣದೆಂದು ವಿಷಾದಿಸಿದರು. ಹತ್ತು ವರ್ಷದ ಬಳಿಕ ಅದೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು ಸರ್ಪಗಂಧದ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಹೃದಯದ ಬಡಿತದ ದೋಷಗಳಿಗೆ ಸಂಬಂಧಿಸಿದಂತೆ ಇಂದಿಗೂ ವೈದ್ಯರು ಅದನ್ನು ಬಳಸುತ್ತಾರೆ. ಸಂಸ್ಕೃತದ ಬೇರು, ಹಕೀಮನ ಹೆಸರು, ಪ್ರಯೋಗಶಾಲೆಯ ಸಾಕ್ಷ್ಯ.

ಉರ್ದುವಿನಲ್ಲಿ ಅಮಾನತ್ ಎಂಬ ಪದವಿದೆ. ಕನ್ನಡದ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ತೆಗೆದಿಡುವುದು. ಮೂಲದಲ್ಲಿ ಅದು ನಂಬಿ ಒಪ್ಪಿಸಿದ ಸೊತ್ತು. ಇಟ್ಟುಕೊಂಡವನು ಅದನ್ನು ಕೆಡಿಸುವಂತಿಲ್ಲ, ನನ್ನದೆನ್ನುವಂತಿಲ್ಲ, ಹಕ್ಕುದಾರ ಬಂದಾಗ ಒಪ್ಪಿಸಲೇಬೇಕು. ವೈದ್ಯವಿದ್ಯೆ ಇಂಥ ಅಮಾನತ್. ಕುರುಬ, ಭಿಕ್ಷು, ಪಂಡಿತ, ಜೈನ ಮುನಿ, ಹಕೀಮ, ಇಟ್ಟಿಗೆ ಸುಡುವವನು ಸರದಿಯಲ್ಲಿ ಕಾಯ್ದು ನಮ್ಮ ಕೈಗಿಟ್ಟಿದ್ದಾರೆ. ಅದರ ಹಕ್ಕುದಾರ ಯಾರೆಂದರೆ ರೋಗಿ. ಅವನ ಹೆಸರು, ಜಾತಿ ಕೇಳುವ ಮೊದಲು ನಾಲಿಗೆ ನೋಡಿ, ಸರಿಯಾದ ಮದ್ದು ಕೊಟ್ಟರೆ ಅಮಾನತ್ ಒಪ್ಪಿಸಿದಂತೆ. ಉಳಿದದ್ದೆಲ್ಲ ಬಾವುಟದ ಬಟ್ಟೆ. ಗಾಯಕ್ಕೆ ಕಟ್ಟಲಿಕ್ಕಾದರೂ ಅದು ಬಂದರೆ ಸಂತೋಷ.