ಚಿಕ್ಕ ಮಕ್ಕಳ ಗುರುವಿಗೆ ದೊಡ್ಡ ವಿದ್ಯೆ ಯಾತಕ್ಕೆ?

ಒಬ್ಬ ರೈತನು ನಮ್ಮನ್ನು ಹೀಗೆ ಕೇಳಿದನು: “ಅಯ್ಯಾ, ನನ್ನ ಮಗಳು ಪಿ.ಯು.ಸಿ. ಮುಗಿಸಿದಳು. ಇನ್ನೂ ನಾಲ್ಕು ವರುಷ ಓದಿ, ಪದವಿ ಪಡೆದು, ಚಿಕ್ಕ ಮಕ್ಕಳ ಉಪಾಧ್ಯಾಯಿನಿ ಆಗುತ್ತೇನೆ ಅನ್ನುತ್ತಾಳೆ. ಮೂರು ವರುಷದ ಕೂಸುಗಳನ್ನು ಆಡಿಸುವದಕ್ಕೆ ಪದವಿ ಯಾತಕ್ಕೆ? ನನ್ನ ತಾಯಿ ಒಂದಕ್ಷರವನ್ನೂ ಕಲಿಯದೆ ಏಳು ಮಕ್ಕಳನ್ನು ಸಾಕಲಿಲ್ಲವೇ?” ಈ ಪ್ರಶ್ನೆಯು ಅವನೊಬ್ಬನದಲ್ಲ, ನಮ್ಮಲ್ಲಿ ಅನೇಕರದು. ಆದದರಿಂದ ಅದನ್ನು ಸ್ವಲ್ಪ ವಿಚಾರಿಸೋಣ.

ರೈತನು ತನ್ನ ಕೆಲಸದಲ್ಲಿ ಏನು ಮಾಡುತ್ತಾನೆ? ನಾಟಿಯ ದಿವಸ ಕೂಲಿಯ ಆಳುಗಳೆಲ್ಲರನ್ನೂ ಗದ್ದೆಗೆ ಇಳಿಸುತ್ತಾನೆ. ಸಸಿಮಡಿಯನ್ನಾದರೋ ಯಾರ ಕೈಗೂ ಬಿಡುವದಿಲ್ಲ. ಬೀಜವನ್ನು ನೆನಸುವದು, ಮೊಳಕೆ ಕಟ್ಟುವದು, ನೀರು ನಿಲ್ಲಿಸುವದು, ನೀರು ಬಿಡುವದು, ಇವೆಲ್ಲವನ್ನು ಅನುಭವಸ್ಥನೇ ನೋಡಿಕೊಳ್ಳಬೇಕು. ಯಾಕಂದರೆ ಮಡಿಯಲ್ಲಿ ಸೊರಗಿದ ಸಸಿಯನ್ನು ಗದ್ದೆಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ಸರಿಮಾಡುವದು ಕಷ್ಟ. ಪೈರಿನ ವಿಷಯದಲ್ಲಿ ಇಷ್ಟು ಬುದ್ಧಿಯುಳ್ಳ ನಾವು ಮಕ್ಕಳ ವಿಷಯದಲ್ಲಿ, ದೊಡ್ಡವರಿಗೆ ದೊಡ್ಡ ಪಂಡಿತರು ಬೇಕು, ಚಿಕ್ಕವರಿಗೆ ಯಾರಾದರೂ ಸಾಕು ಅನ್ನುವದು ನ್ಯಾಯವೋ?

ಇದಕ್ಕಿಂತ ಹೆಚ್ಚಿನ ಕಾರಣವೂ ಉಂಟು. ಹತ್ತನೆಯ ತರಗತಿಯ ಹುಡುಗನು ತನ್ನ ಗುರುವಿನ ತಪ್ಪನ್ನು ಕಂಡುಹಿಡಿಯಬಲ್ಲನು. ಮನೆಗೆ ಬಂದು ತಂದೆಗೆ ದೂರು ಹೇಳಬಲ್ಲನು. ಮೂರು ವರುಷದ ಕೂಸಾದರೋ ಏನೂ ಹೇಳಲಾರದು. ತನಗೆ ಅನ್ಯಾಯವಾಯಿತೆಂದೂ ಅದಕ್ಕೆ ತಿಳಿಯದು; ತಪ್ಪು ತನ್ನದೇ ಎಂದು ನಂಬುವದು. ಹೇಗಂದರೆ, ಕರೆದಾಗ ಉತ್ತರ ಕೊಡದ ಮಗುವನ್ನು ಕಲಿಯದವಳು ಮೊಂಡನೆಂದು ಗದರಿಸುವಳು. ಕಲಿತವಳು ಹಿಂದೆ ನಿಂತು ಚಪ್ಪಾಳೆ ತಟ್ಟಿ, ಅದು ತಿರುಗಿ ನೋಡುವದೋ ಇಲ್ಲವೋ ಎಂದು ನೋಡುವಳು. ಕಿವಿ ಮಂದವೆಂಬ ಸಂಶಯ ಬಂದರೆ ವೈದ್ಯರ ಬಳಿಗೆ ಕಳುಹಿಸುವಳು. ಮನೆಯಲ್ಲಿ ತುಳುವನ್ನಾಗಲಿ ಲಂಬಾಣಿಯನ್ನಾಗಲಿ ಆಡುವ ಮಗು ಕನ್ನಡ ಶಾಲೆಯಲ್ಲಿ ಮೌನವಾಗಿದ್ದರೆ, ಅದು ದಡ್ಡತನವಲ್ಲವೆಂದು ಆಕೆಗೆ ಗೊತ್ತು. ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಏಟು ಕೊಡಳು. ಬೆರಳುಗಳು ಬಲವಾಗುವದಕ್ಕೆ ಮುಂಚೆ ಅಕ್ಷರ ಬರೆಯಿರೆಂದು ಒತ್ತಾಯಮಾಡದೆ, ಜೇಡಿಮಣ್ಣನ್ನೂ ಹುಣಿಸೇಬೀಜಗಳನ್ನೂ ಮುಂದೆ ಇಡುವಳು. ನೋಡುವವರಿಗೆ ಇದು ಆಟ. ಆಕೆಗೆ ಅದು ಪಾಠ.

“ಅಜ್ಜಿಗೆ ಇದನ್ನೆಲ್ಲಾ ಯಾರು ಕಲಿಸಿದರು?” ಎಂದು ಕೇಳುವಿರಿ. ಅಜ್ಜಿಯನ್ನು ನಾವು ಹೀನವಾಗಿ ಎಣಿಸುವದಿಲ್ಲ. ಆದರೆ ಆಕೆ ತನ್ನ ಮನೆಯಲ್ಲಿ, ಹುಟ್ಟಿದಂದಿನಿಂದ ಬಲ್ಲ ತನ್ನ ಮಕ್ಕಳನ್ನೇ ಸಾಕಿದಳು. ಉಪಾಧ್ಯಾಯಿನಿಗೆ ಬೇರೆಬೇರೆ ಮನೆಗಳ ಇಪ್ಪತ್ತು ಮೂವತ್ತು ಕೂಸುಗಳನ್ನು ಒಂದೇ ಕೋಣೆಯಲ್ಲಿ ಒಪ್ಪಿಸುತ್ತೇವೆ.

ಈ ಕೆಲಸಕ್ಕೆ ಶಿಕ್ಷಣ ಬೇಕೆಂಬದು ಹೊಸ ಮಾತಲ್ಲ. ಜರ್ಮನಿಯ ಫ್ರೋಬೆಲನು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗದಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಆ ತೋಟವನ್ನು ನೋಡುವದಕ್ಕೆ ಯುವತಿಯರಿಗೆ ಪ್ರತ್ಯೇಕವಾಗಿ ಶಿಕ್ಷಣ ಕೊಟ್ಟನು. ಅಮೇರಿಕದ ಇಪ್ಸಿಲಾಂಟಿ ಎಂಬ ಊರಿನಲ್ಲಿ ೧೯೬೨ರಿಂದ ಬಡವರ ೧೨೩ ಮಕ್ಕಳನ್ನು ಪರೀಕ್ಷೆಗೆ ಆರಿಸಿ, ೫೮ ಮಂದಿಯನ್ನು ಪದವಿ ಪಡೆದ ಉಪಾಧ್ಯಾಯರ ಕೈಗೆ ಒಪ್ಪಿಸಿದರು. ಇವರು ವಾರಕ್ಕೊಂದು ಸಾರಿ ಮಕ್ಕಳ ಮನೆಗಳಿಗೂ ಹೋಗುತ್ತಿದ್ದರು. ಆ ಮಕ್ಕಳು ನಾಲ್ವತ್ತು ವರುಷದವರಾದಾಗ ನೋಡಿದರೆ, ಉಳಿದವರಿಗಿಂತ ಅವರಲ್ಲಿ ಉದ್ಯೋಗವುಳ್ಳವರು ಹೆಚ್ಚು, ಮತ್ತೆ ಮತ್ತೆ ಪೊಲೀಸರ ಬಂಧನಕ್ಕೆ ಸಿಕ್ಕಿದವರು ಕಡಿಮೆ. ಇದು ಪದವಿಯ ಕಾಗದ ಒಂದರಿಂದಲೇ ಆಯಿತೆಂದು ಹೇಳಕೂಡದು. ಬಲ್ಲವರು ಶ್ರದ್ಧೆಯಿಂದ ದುಡಿದದ್ದರ ಫಲವೆಂದು ಹೇಳಬಹುದು.

ನಮ್ಮ ದೇಶದಲ್ಲಿ ೧೯೭೫ನೇ ಅಕ್ಟೋಬರ್ ೨ರಂದು ೩೩ ಕಡೆಗಳಲ್ಲಿ ಅಂಗನವಾಡಿಯ ಯೋಜನೆ ಆರಂಭವಾಯಿತು. ಅವುಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ೨೦೨೦ನೇ ಇಸವಿಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರುಷದ ವರೆಗಿನ ಕಲಿಕೆಯನ್ನು ಅಸ್ತಿವಾರವೆಂದು ಎಣಿಸಿ, ಪಿ.ಯು.ಸಿ. ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ, ಅಷ್ಟು ಓದದವರಿಗೆ ಒಂದು ವರುಷದ ಶಿಕ್ಷಣವನ್ನು ಗೊತ್ತುಮಾಡಿತು. ಪಿ.ಯು.ಸಿ. ಆದ ಮೇಲೆ ನಾಲ್ಕು ವರುಷ ಓದಿ ಬಿ.ಎಡ್. ಪದವಿ ಪಡೆಯುವ ಮಾರ್ಗವು ೨೦೨೩ರಿಂದ ಕೆಲವು ವಿದ್ಯಾಸಂಸ್ಥೆಗಳಲ್ಲಿ ತೆರೆದದೆ. ಆ ರೈತನ ಮಗಳು ಬಯಸಿದ್ದು ಇದನ್ನೇ.

ಪದವಿ ಇದ್ದು ಪ್ರೀತಿ ಇಲ್ಲದವಳಿಂದ ಏನು ಪ್ರಯೋಜನ ಎಂದು ಕೆಲವರು ಅನ್ನುವರು. ಏನೂ ಇಲ್ಲವೆಂದು ನಾವೂ ಒಪ್ಪುತ್ತೇವೆ. ಆದರೆ ಪ್ರೀತಿಯು ವಿದ್ಯೆಗೆ ಬದಲಾಗದು. ಜ್ವರ ಬಂದ ಮಗುವನ್ನು ಪ್ರೀತಿಸುವವನು ಮದ್ದನ್ನು ವಿಚಾರಿಸುವನಲ್ಲವೇ? ಹಾಗೆಯೇ ಮಕ್ಕಳನ್ನು ನಿಜವಾಗಿ ಪ್ರೀತಿಸುವವಳು ಅವರನ್ನು ತಿಳಿದುಕೊಳ್ಳುವದಕ್ಕೆ ಓದುವಳು.

ಇನ್ನೊಂದು ಮಾತು ನಮಗೇ ತಾಗುವಂಥಾದ್ದು. ಅಂಗನವಾಡಿಯವರಿಗೆ ಕೊಡುವದನ್ನು ಸಂಬಳವೆಂದು ಕರೆಯದೆ ಗೌರವಧನವೆಂದು ಕರೆಯುತ್ತಾರೆ. ಹೆಸರಿನಲ್ಲಿ ಗೌರವ ಉಂಟು, ಧನ ಸ್ವಲ್ಪ. ಅವರಿಗೂ ಗ್ರಾಚ್ಯುಯಿಟಿಯ ಹಕ್ಕು ಉಂಟೆಂಬದಕ್ಕೆ ೨೦೨೨ನೇ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬೇಕಾಯಿತು. ಹೆಚ್ಚು ಕಲಿಯಿರಿ ಎಂದು ಹೇಳಿ ಕಲಿತವರಿಗೆ ಕಡಿಮೆ ಕೊಡುವದು ನ್ಯಾಯವಲ್ಲ. ಮಗನ ಇಂಜಿನಿಯರಿಂಗಿಗೆ ತೋಟವನ್ನು ಅಡವಿಡುವ ನಾವು ಮಗಳ ಈ ಓದಿಗೆ ಬಸ್ಸಿನ ಚಾರ್ಜನ್ನು ಲೆಕ್ಕ ಹಾಕುವದೂ ನ್ಯಾಯವಲ್ಲ.

ಆ ರೈತನಿಗೆ ನಾವು ಹೇಳಿದ್ದು ಇಷ್ಟೇ: “ಮಗಳಿಗೆ ಉತ್ತರ ಕೊಡುವ ಮುಂಚೆ ನಿಮ್ಮೂರಿನ ಅಂಗನವಾಡಿಗೆ ಹೋಗಿ ಒಂದು ಬೆಳಿಗ್ಗೆ ಮೂಲೆಯಲ್ಲಿ ಕೂತುಕೋ. ಇಪ್ಪತ್ತು ಕೂಸುಗಳನ್ನು ಮಧ್ಯಾಹ್ನದ ವರೆಗೆ ನೋಡು. ಆ ಮೇಲೆ, ಇದಕ್ಕೆ ವಿದ್ಯೆ ಬೇಡವೆಂದು ನಿನಗೆ ತೋಚಿದರೆ ನಮಗೆ ಬಂದು ಹೇಳು.” ವಾಚಕರೇ, ನೀವೂ ಹೋಗಿ ನೋಡಿರಿ.